ಯುದ್ಧಕ್ಕೆ ದುರ್ಬಲ ಸರ್ಕಾರ, ಗಡಿಗೆ ಬಲಿಷ್ಠ ಸರ್ಕಾರ: ಲಿಬರ್ಟೇರಿಯನ್ ವಾದದಲ್ಲಿ ಇವೆರಡೂ ಹೊಂದುತ್ತವೆಯೇ?

ಪ್ರಶ್ನೆ — ಕಾವೇರಿಸೀಮೆ

ಅಮೆರಿಕದ ಲಿಬರ್ಟೇರಿಯನ್ ಚಿಂತನೆಯನ್ನು ಕೆಲಕಾಲದಿಂದ ಓದುತ್ತಿದ್ದೇನೆ. ಪ್ರಜೆಯ ಜೀವ, ಸ್ವಾತಂತ್ರ್ಯ, ಆಸ್ತಿಗಳನ್ನು ಕಾಯುವುದಷ್ಟೇ ಸರ್ಕಾರದ ಕೆಲಸ, ಉಳಿದದ್ದನ್ನು ಜನರು ತಮ್ಮತಮ್ಮಲ್ಲೇ ಒಪ್ಪಂದದಿಂದ ನಡೆಸಿಕೊಳ್ಳಬಲ್ಲರು ಎಂಬ ಮೂಲ ನಿಲುವು ನನಗೆ ಅರ್ಥವಾಗುತ್ತದೆ. ಒಪ್ಪುವುದು ಬಿಡುವುದು ಬೇರೆ ಮಾತು. ಪರದೇಶಗಳ ಜಗಳಕ್ಕೆ ಸೈನ್ಯ ಕಳುಹಿಸಬಾರದು ಎಂಬುದು ಆ ನಿಲುವಿನಿಂದ ಸಹಜವಾಗಿಯೇ ಹೊರಡುತ್ತದೆ. ಆದರೆ ವಲಸೆಯ ವಿಷಯಕ್ಕೆ ಬಂದೊಡನೆ ಇದೇ ಗುಂಪು ಎರಡು ಹೋಳಾಗುತ್ತದೆ. ಗಡಿಯೆಂಬುದೇ ಸರ್ಕಾರದ ಬಲಾತ್ಕಾರ ಎನ್ನುವವರು ಒಂದು ಕಡೆ, ಗಡಿ ಕಾಯದ ಸರ್ಕಾರ ತನ್ನ ಮೊದಲ ಕರ್ತವ್ಯವನ್ನೇ ಬಿಟ್ಟಂತೆ ಎನ್ನುವವರು ಇನ್ನೊಂದು ಕಡೆ.

ರಾನ್ ಪಾಲ್ ಅವರನ್ನೇ ನೋಡಿ. 1988ರಲ್ಲಿ ಲಿಬರ್ಟೇರಿಯನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದವರು, 2002ರಲ್ಲಿ ರಿಪಬ್ಲಿಕನ್ ಪಕ್ಷದೊಳಗಿದ್ದೂ ಇರಾಕ್ ಯುದ್ಧದ ಅನುಮತಿಗೆ ವಿರುದ್ಧವಾಗಿ ಮತ ಹಾಕಿದವರು. ಅವರೇ 2006ರಲ್ಲಿ ಮೆಕ್ಸಿಕೋ ಗಡಿಗೆ ಬೇಲಿ ಹಾಕುವ ಕಾಯ್ದೆಯನ್ನು ಬೆಂಬಲಿಸಿದರು. 2011ರ ಒಂದು ಚರ್ಚೆಯಲ್ಲಿ, ಆ ಬೇಲಿಯನ್ನು ಮುಂದೊಂದು ದಿನ ನಮ್ಮನ್ನೇ ಒಳಗೆ ಕೂಡಿಹಾಕಲು ಬಳಸಿಯಾರು ಎಂದೂ ಎಚ್ಚರಿಸಿದರು.

ಇದು ಒಬ್ಬ ರಾಜಕಾರಣಿಯ ಮತಲೆಕ್ಕಾಚಾರವೋ, ಸಿದ್ಧಾಂತದಲ್ಲೇ ಇರುವ ಬಿರುಕೋ? ಗಡಿಯನ್ನು ಬಿಗಿಗೊಳಿಸಬೇಕೆನ್ನುವ ಲಿಬರ್ಟೇರಿಯನ್ನರು ಯಾವ ತತ್ವವನ್ನು ಆಧಾರವಾಗಿ ಹಿಡಿಯುತ್ತಾರೆ? ವಿದೇಶಾಂಗ ನೀತಿಗೂ ವಲಸೆಗೂ ಅವರ ವಾದದಲ್ಲಿ ನಿಜವಾದ ಸಂಬಂಧವೇನಾದರೂ ಇದೆಯೇ? ಓದಿಕೊಂಡವರು ತಿಳಿಸಿದರೆ ಉಪಕಾರವಾಗುತ್ತದೆ. ಇಂದಿನ ಪಕ್ಷಗಳ ಪರ-ವಿರೋಧದ ಬೈಗುಳ ದಯವಿಟ್ಟು ಬೇಡ.

ಉತ್ತರ — ಮಲೆನಾಡಿಗ

ಬಿರುಕು ಸಿದ್ಧಾಂತದಲ್ಲೇ ಇದೆ, ಮತ್ತು ಅದು ಹಳೆಯದು. ಅದರ ಮೂಲ ಇರುವುದು ದೇಶದ ನೆಲ ಯಾರದು ಎಂಬ ಪ್ರಶ್ನೆಯಲ್ಲಿ.

ಮರ್ರೆ ರಾತ್‌ಬಾರ್ಡ್ ಈ ಪಂಥದ ಅತಿ ತೀವ್ರ ಚಿಂತಕರು, ಸರ್ಕಾರವೇ ಬೇಡವೆನ್ನುವಷ್ಟು ದೂರ ಹೋದವರು. ಬಹುಕಾಲ ಮುಕ್ತ ವಲಸೆಯ ಪರವಾಗಿದ್ದ ಅವರು 1994ರ ಒಂದು ಲೇಖನದಲ್ಲಿ ನಿಲುವು ಬದಲಿಸಿದರು. ಸೋವಿಯತ್ ಒಕ್ಕೂಟ ಕುಸಿದಾಗ, ಎಸ್ಟೋನಿಯಾ ಮತ್ತು ಲಾಟ್ವಿಯಾಗಳಲ್ಲಿ ಮಾಸ್ಕೋ ಸರ್ಕಾರವೇ ರಷ್ಯನ್ನರನ್ನು ತಂದು ನೆಲೆಗೊಳಿಸಿ ಅಲ್ಲಿನ ಜನಾಂಗಗಳ ಭಾಷೆ, ಸಂಸ್ಕೃತಿಗಳನ್ನು ಅಳಿಸಲು ಹೊರಟಿದ್ದನ್ನು ಕಂಡ ಮೇಲೆ ತಾವು ಮರುಚಿಂತನೆಗೆ ತೊಡಗಿದುದಾಗಿ ಅವರು ಬರೆದರು. ಎಲ್ಲ ನೆಲವೂ ಖಾಸಗಿಯಾಗಿರುವ ಸಮಾಜದಲ್ಲಿ ಮಾಲೀಕನ ಅನುಮತಿಯಿಲ್ಲದೆ ಯಾರೂ ಎಲ್ಲಿಗೂ ಕಾಲಿಡಲಾರರು. ಆದ್ದರಿಂದ ಅಂಥ ಸಮಾಜದಲ್ಲಿ 'ಮುಕ್ತ ಗಡಿ' ಎಂಬುದೇ ಇರುವುದಿಲ್ಲ ಎಂಬುದು ಅವರ ಹೊಸ ವಾದದ ತಿರುಳು. ಅವರ ಅನುಯಾಯಿ ಹಾನ್ಸ್-ಹರ್ಮನ್ ಹೋಪೆ ಇದನ್ನೇ ಮುಂದುವರಿಸಿ, ಸಾರ್ವಜನಿಕ ರಸ್ತೆ, ಉದ್ಯಾನಗಳೆಲ್ಲ ತೆರಿಗೆ ಕಟ್ಟಿದವರ ಸೊತ್ತು, ಸರ್ಕಾರ ಅವರ ಪರವಾಗಿ ಕಾವಲುಗಾರನಂತೆ ನಡೆದುಕೊಳ್ಳಬೇಕು, ಯಾವ ನಿವಾಸಿಯೂ ಕರೆಯದವರನ್ನು ಒಳಗೆ ಬಿಡುವುದು ತೆರಿಗೆದಾರರ ಮೇಲಿನ ಹೇರಿಕೆ ಎಂದರು.

ಇದಕ್ಕೆ ಎದುರಾಗಿ ನಿಂತವರಲ್ಲಿ ತತ್ವಶಾಸ್ತ್ರಜ್ಞ ಮೈಕಲ್ ಹ್ಯೂಮರ್ ಅವರ ವಾದ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. 2010ರಲ್ಲಿ ಅವರು ಕೊಟ್ಟ ನಿದರ್ಶನ ಹೀಗಿದೆ. ಮಾರ್ವಿನ್ ಎಂಬ ಹಸಿದ ಮನುಷ್ಯನೊಬ್ಬ ಪೇಟೆಗೆ ಹೊರಟಿದ್ದಾನೆ. ಅಲ್ಲಿ ಅವನಿಗೆ ಆಹಾರ ಮಾರಲು ಸಿದ್ಧರಿರುವ ವ್ಯಾಪಾರಿಗಳಿದ್ದಾರೆ. ದಾರಿಯಲ್ಲಿ ಇನ್ನೊಬ್ಬ ಬಲವಂತವಾಗಿ ಅವನನ್ನು ತಡೆದು ಹಿಂದಕ್ಕೆ ಅಟ್ಟುತ್ತಾನೆ, ಮಾರ್ವಿನ್ ಹಸಿವಿನಿಂದ ಸಾಯುತ್ತಾನೆ. ತಡೆದವನು 'ನಾನು ಅವನಿಗೆ ಸಹಾಯ ಮಾಡಲಿಲ್ಲ, ಅಷ್ಟೇ' ಎಂದರೆ ನಾವು ಒಪ್ಪುತ್ತೇವೆಯೇ? ಅವನು ಮಾಡಿದ್ದು ಹಾನಿ. ವಲಸಿಗನಿಗೆ ಮನೆ ಬಾಡಿಗೆಗೆ ಕೊಡಲು, ಕೆಲಸ ಕೊಡಲು ಸಿದ್ಧರಿರುವ ಅಮೆರಿಕನ್ನರು ಇರುವಾಗ ಗಡಿಯಲ್ಲಿ ಅವನನ್ನು ತಡೆಯುವುದೂ ಇದೇ ಬಗೆಯದು ಎಂಬುದು ಹ್ಯೂಮರ್ ಅವರ ನಿಲುವು. ಇಲ್ಲಿ ಹೋಪೆಯವರ ವಾದಕ್ಕೂ ಒಂದು ಉತ್ತರವಿದೆ: ಕರೆಯುವ ನಿವಾಸಿ ಇದ್ದಾನೆ, ಆದರೆ ಅವನ ಕರೆಗೆ ಸರ್ಕಾರ ಬೆಲೆ ಕೊಡುತ್ತಿಲ್ಲ.

ನಡುದಾರಿಯ ವಾದವೆಂದರೆ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರದು. ಮುಕ್ತ ವಲಸೆ ಮತ್ತು ಕಲ್ಯಾಣ ರಾಜ್ಯ ಎರಡೂ ಒಟ್ಟಿಗೆ ಇರಲಾರವು ಎಂಬ ಅವರ ಮಾತನ್ನು ಗಡಿ ಬಿಗಿಗೊಳಿಸಬೇಕೆನ್ನುವವರು ಪದೇಪದೇ ಎತ್ತಿ ಆಡುತ್ತಾರೆ. ಅದೇ ಫ್ರೀಡ್‌ಮನ್, ಮೆಕ್ಸಿಕೋದಿಂದ ಕಾನೂನುಬಾಹಿರವಾಗಿ ಬರುವವರ ವಲಸೆ ಅವರಿಗೂ ಅಮೆರಿಕಕ್ಕೂ ಒಳ್ಳೆಯದು, ಏಕೆಂದರೆ ಅವರು ಸರ್ಕಾರಿ ನೆರವಿಗೆ ಅರ್ಹರಲ್ಲ ಎಂದೂ ಹೇಳಿದ್ದರು. ಈ ಅರ್ಧವನ್ನು ಯಾರೂ ಉದ್ಧರಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರ ಮಾತಿನಿಂದ ಗಡಿ ಮುಚ್ಚಬೇಕೆಂಬ ತೀರ್ಮಾನ ಹೊರಡುವುದಿಲ್ಲ. 1996ರ ಕಲ್ಯಾಣ ಸುಧಾರಣೆ ಕಾಯ್ದೆ, ಗ್ರೀನ್ ಕಾರ್ಡ್ ಪಡೆದವರಲ್ಲೂ ಬಹುಪಾಲು ಜನರಿಗೆ ಮೊದಲ 5 ವರ್ಷ ಬಡವರಿಗಾಗಿ ಇರುವ ಕೇಂದ್ರ ಸರ್ಕಾರದ ನೆರವನ್ನು ನಿರಾಕರಿಸಿತು. ಅಂದರೆ ದೇಶದ ಸುತ್ತ ಗೋಡೆ ಕಟ್ಟದೆ ನೆರವಿನ ಸುತ್ತ ಗೋಡೆ ಕಟ್ಟಲು ಸಾಧ್ಯವಿದೆ. ಪೂರ್ತಿಯಾಗಿ ಅಲ್ಲ, ನಿಜ: 1982ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ದಾಖಲೆಯಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆದಿರಲೇಬೇಕು.

ಉತ್ತರ — ತುಂಗಭದ್ರೆ

ಮಲೆನಾಡಿಗರು ತತ್ವದ ಕಡೆಯನ್ನು ಚೆನ್ನಾಗಿ ಹೇಳಿದ್ದಾರೆ. ನಿಮ್ಮ ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರ ತತ್ವಶಾಸ್ತ್ರದಲ್ಲಿ ಸಿಗುವುದಿಲ್ಲ, ಅಮೆರಿಕದ ಕಾನೂನಿನ ಇತಿಹಾಸದಲ್ಲಿ ಸಿಗುತ್ತದೆ. ವಲಸೆಯ ಅಧಿಕಾರ ಮತ್ತು ಯುದ್ಧದ ಅಧಿಕಾರ ಅಲ್ಲಿ ಹುಟ್ಟಿನಿಂದಲೇ ಹೆಣೆದುಕೊಂಡಿವೆ.

ಅಮೆರಿಕದ ಸಂವಿಧಾನದಲ್ಲಿ ಕಾಂಗ್ರೆಸ್ಸಿಗೆ ಪೌರತ್ವ ನೀಡಿಕೆಯ ನಿಯಮ ಮಾಡುವ ಅಧಿಕಾರವನ್ನು ಸ್ಪಷ್ಟವಾಗಿ ಕೊಟ್ಟಿದೆ. ವಲಸೆಯನ್ನು ತಡೆಯುವ ಅಧಿಕಾರವನ್ನು ಎಲ್ಲಿಯೂ ಹೆಸರಿಸಿಲ್ಲ. ಬರೆದಿಲ್ಲದ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇಲ್ಲ ಎನ್ನುವ ಲಿಬರ್ಟೇರಿಯನ್ನರಿಗೆ ಇದು ಇರಿಸುಮುರಿಸಿನ ಜಾಗ. ಆ ಅಧಿಕಾರ ಎಲ್ಲಿಂದ ಬಂತೆಂದು ತಿಳಿಯಲು ಛೇ ಚಾನ್ ಪಿಂಗ್ ಎಂಬ ಚೀನೀ ಕಾರ್ಮಿಕನ ಮೊಕದ್ದಮೆಯನ್ನು ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಷಗಟ್ಟಲೆ ದುಡಿದಿದ್ದ ಈತ 1887ರಲ್ಲಿ ಊರಿಗೆ ಹೊರಟಾಗ, ಮರಳಿ ಬರಲು ಹಕ್ಕುಂಟೆಂದು ಅಮೆರಿಕದ ಸರ್ಕಾರವೇ ಕೊಟ್ಟ ಪ್ರಮಾಣಪತ್ರ ಕೈಯಲ್ಲಿತ್ತು. ಮರಳಿ ಬರುವಾಗ ಅವನ ಹಡಗು ಇನ್ನೂ ಸಮುದ್ರದ ಮೇಲಿರುವಾಗಲೇ, 1888ರ ಅಕ್ಟೋಬರ್ 1ರಂದು, ಅಂಥ ಪ್ರಮಾಣಪತ್ರಗಳನ್ನೆಲ್ಲ ರದ್ದು ಮಾಡುವ ಕಾಯ್ದೆಗೆ ಸಹಿ ಬಿತ್ತು. ಬಂದರಿನಲ್ಲಿ ಅವನನ್ನು ಇಳಿಯಗೊಡಲಿಲ್ಲ. 1889ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸರ್ಕಾರದ ಪರವಾಗಿ ತೀರ್ಪಿತ್ತಿತು. ಸಾರ್ವಭೌಮ ರಾಷ್ಟ್ರವೆಂದ ಮೇಲೆ ಪರಕೀಯರನ್ನು ಹೊರಗಿಡುವ ಅಧಿಕಾರ ತಾನೇ ತಾನಾಗಿ ಇರುತ್ತದೆ, ಅದು ಆಕ್ರಮಣದಿಂದ ದೇಶವನ್ನು ರಕ್ಷಿಸಿಕೊಳ್ಳುವ ಅಧಿಕಾರದ ಸಾಲಿಗೇ ಸೇರಿದ್ದು, ಅದರಲ್ಲಿ ನ್ಯಾಯಾಲಯ ಕೈಹಾಕುವುದಿಲ್ಲ ಎಂಬುದು ತೀರ್ಪಿನ ಧಾಟಿ. ದುಡಿಯಲು ಬಂದ ಒಬ್ಬ ಕೂಲಿಯ ವಿಷಯದಲ್ಲಿ ಯುದ್ಧದ ಭಾಷೆ ಹೀಗೆ ಕಾನೂನಿನೊಳಗೆ ಬಂದು ಕುಳಿತಿತು.

ಆಮೇಲಿನ ಪ್ರತಿಯೊಂದು ದೊಡ್ಡ ಯುದ್ಧವೂ ಗಡಿಯ ಅಧಿಕಾರವನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದೆ. ದೇಶದೊಳಗೆ ಬರಲು, ಹೊರಗೆ ಹೋಗಲು ಪಾಸ್‌ಪೋರ್ಟ್ ಕಡ್ಡಾಯವಾದದ್ದು 1918ರಲ್ಲಿ, ಮೊದಲ ಮಹಾಯುದ್ಧದ ತಾತ್ಕಾಲಿಕ ಕ್ರಮವಾಗಿ. ವಲಸೆ ಇಲಾಖೆ 1940ರವರೆಗೆ ಕಾರ್ಮಿಕ ಇಲಾಖೆಯ ಕೆಳಗಿತ್ತು. ಯೂರೋಪಿನಲ್ಲಿ ಯುದ್ಧ ಹೊತ್ತಿದಾಗ ಭದ್ರತೆಯ ಕಾರಣ ಕೊಟ್ಟು ಅದನ್ನು ನ್ಯಾಯಾಂಗ ಇಲಾಖೆಗೆ ಸಾಗಿಸಿದರು. 2001ರ ದಾಳಿಯ ನಂತರ, 2003ರಲ್ಲಿ, ಅದನ್ನು ಒಡೆದು ಹೊಸ ಗೃಹಭದ್ರತಾ ಇಲಾಖೆಯಲ್ಲಿ ಸೇರಿಸಿದರು. ವಲಸೆ ಕಾನೂನನ್ನು ಜಾರಿಗೊಳಿಸುವ, ಇಂದು ಸುದ್ದಿಯಲ್ಲಿರುವ ಐಸ್ (ICE) ಸಂಸ್ಥೆ ಹುಟ್ಟಿದ್ದು ಆಗಲೇ. ದುಡಿಮೆಯ ವಿಷಯವಾಗಿದ್ದದ್ದು ಮೊದಲು ಪೊಲೀಸಿನ ವಿಷಯವಾಯಿತು, ಆಮೇಲೆ ಯುದ್ಧದ ವಿಷಯವಾಯಿತು. ಬಿಕ್ಕಟ್ಟಿನಲ್ಲಿ ಹಿಗ್ಗಿದ ಸರ್ಕಾರ ಬಿಕ್ಕಟ್ಟು ಮುಗಿದ ಮೇಲೆ ಹಿಂದಿನ ಅಳತೆಗೆ ಕುಗ್ಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಹಿಗ್ಸ್ 1987ರಲ್ಲಿ ವಿವರವಾಗಿ ವಾದಿಸಿದ್ದರು. ಸಂಬಳದಿಂದಲೇ ಆದಾಯ ತೆರಿಗೆ ಕಡಿತ ಮಾಡುವ ಪದ್ಧತಿ 1943ರ ಯುದ್ಧಕಾಲದ್ದು, ಇಂದಿಗೂ ಇದೆ. ಅದನ್ನು ರೂಪಿಸಿದ ಖಜಾನೆಯ ಅಧಿಕಾರಿಗಳಲ್ಲಿ ಫ್ರೀಡ್‌ಮನ್ ಕೂಡ ಒಬ್ಬರು ಎಂಬುದು ಲಿಬರ್ಟೇರಿಯನ್ನರು ತಮ್ಮೊಳಗೇ ಹೇಳಿಕೊಂಡು ನಗುವ ಸಂಗತಿ.

ನಮ್ಮವರಿಗೆ ಹತ್ತಿರದ ಉದಾಹರಣೆ ಬೇಕಿದ್ದರೆ 1952ರ ವಲಸೆ ಕಾಯ್ದೆಯ 212(ಎಫ್) ವಿಧಿಯನ್ನು ನೋಡಿ. ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಬಾಧಕವೆಂದು ಅಧ್ಯಕ್ಷರಿಗೆ ಕಂಡರೆ ಒಂದು ಘೋಷಣೆಯಿಂದ ತಡೆಯಬಹುದು ಎನ್ನುತ್ತದೆ ಅದು. ಶೀತಲ ಸಮರದ ಕೂಸು. 2018ರಲ್ಲಿ ಸುಪ್ರೀಂ ಕೋರ್ಟ್ ಪ್ರವಾಸ ನಿರ್ಬಂಧದ ಮೊಕದ್ದಮೆಯಲ್ಲಿ 5–4ರ ಬಹುಮತದಿಂದ ಈ ಅಧಿಕಾರವನ್ನು ವಿಶಾಲವಾಗಿ ಅರ್ಥೈಸಿತು. 2025ರ ಸೆಪ್ಟೆಂಬರ್ 19ರಂದು ಎಚ್-1ಬಿ ಉದ್ಯೋಗ ವೀಸಾದ ಅರ್ಜಿಗೆ 1 ಲಕ್ಷ ಡಾಲರ್ ಪಾವತಿಯನ್ನು ವಿಧಿಸಿದ ಘೋಷಣೆಯೂ ಇದೇ ವಿಧಿಯನ್ನು ಆಧರಿಸಿತ್ತು. ಹೊಸ ಅರ್ಜಿಗಳಿಗೆ ಮಾತ್ರ ಅನ್ವಯವೆಂದು ಸ್ಪಷ್ಟವಾಗುವವರೆಗೆ ಬೆಂಗಳೂರಿಗೆ ರಜೆಗೆ ಬಂದಿದ್ದವರು ಟಿಕೆಟ್ ಬದಲಿಸಿಕೊಂಡು ಓಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಹಡಗಿನಲ್ಲಿದ್ದ ಛೇ ಚಾನ್ ಪಿಂಗ್‌ನ ಪಾಡು ವಿಮಾನದಲ್ಲಿ ಇದ್ದವರಿಗೂ ಒದಗಬಹುದಿತ್ತು.

ಆದ್ದರಿಂದ ಯುದ್ಧದ ಅಧಿಕಾರವನ್ನು ಕತ್ತರಿಸಿ ಗಡಿಯ ಅಧಿಕಾರವನ್ನು ಬೆಳೆಸುತ್ತೇವೆ ಎನ್ನುವ ಲಿಬರ್ಟೇರಿಯನ್ನರು ಒಂದೇ ಬೇರಿನ ಎರಡು ಕೊಂಬೆಗಳನ್ನು ಬೇರೆ ಬೇರೆ ಮರವೆಂದು ತಿಳಿದಿದ್ದಾರೆ ಎಂದು ನನಗೆ ಅನಿಸುತ್ತದೆ.

ಉತ್ತರ — ಬಯಲುಸೀಮೆ

ಟೆಕ್ಸಸ್‌ನಲ್ಲಿ ಸಣ್ಣದೊಂದು ಸಂಸ್ಥೆ ನಡೆಸುತ್ತಿರುವ ನಾನು ಮೇಲಿನ ಚರ್ಚೆಗೆ ನೆಲದ ಮಟ್ಟದ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ.

ಗೋಡೆಯೆಂದರೆ ಮೊದಲು ಭೂಸ್ವಾಧೀನ. ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೋಗಳಲ್ಲಿ ಗಡಿಯುದ್ದಕ್ಕೂ 60 ಅಡಿ ಅಗಲದ ಪಟ್ಟಿಯನ್ನು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1907ರಲ್ಲೇ ಸರ್ಕಾರಕ್ಕೆ ಕಾದಿರಿಸಿದ್ದರು. ಟೆಕ್ಸಸ್ ಹಾಗಲ್ಲ. 1845ರಲ್ಲಿ ಒಕ್ಕೂಟಕ್ಕೆ ಸೇರುವಾಗ ತನ್ನ ನೆಲವನ್ನು ತಾನೇ ಉಳಿಸಿಕೊಂಡ ರಾಜ್ಯವಾದ್ದರಿಂದ ಇಲ್ಲಿ ರಿಯೊ ಗ್ರಾಂಡ್ ನದಿಯ ದಂಡೆಯ ಬಹುಭಾಗ ಖಾಸಗಿ ಜಮೀನು; ಕೆಲವು ಮನೆತನಗಳು ಸ್ಪೇನಿನ ದೊರೆಗಳ ಕಾಲದ ದಾನಪತ್ರಗಳಿಂದ ಹಿಡಿದು ಲೆಕ್ಕ ಹೇಳುತ್ತವೆ. 2006ರ ಬೇಲಿ ಕಾಯ್ದೆ ಬಂದ ಮೇಲೆ ಸರ್ಕಾರ ಇಂಥವರ ಮೇಲೆ ಸಾಲುಸಾಲು ಸ್ವಾಧೀನ ಮೊಕದ್ದಮೆ ಹೂಡಿತು. 1931ರ ಒಂದು ಕಾಯ್ದೆಯ ಪ್ರಕಾರ ಸರ್ಕಾರ ತಾನೇ ಅಂದಾಜಿಸಿದ ಮೊತ್ತವನ್ನು ನ್ಯಾಯಾಲಯದಲ್ಲಿ ಠೇವಣಿ ಇಟ್ಟರೆ ಸಾಕು, ಜಮೀನಿನ ಒಡೆತನ ತಕ್ಷಣವೇ ಅದರದಾಗುತ್ತದೆ. ಪರಿಹಾರ ಎಷ್ಟೆಂಬ ವಾದ ವರ್ಷಗಟ್ಟಲೆ ಆಮೇಲೆ ನಡೆಯುತ್ತದೆ. ಬೇಲಿಯನ್ನು ನದಿಯ ಅಂಚಿನಲ್ಲಿ ಕಟ್ಟಲಾಗದೆ ಒಳಗೆ ಸರಿಸಿದ್ದರಿಂದ ಕೆಲವರ ಹೊಲಗಳು, ಬ್ರೌನ್ಸ್‌ವಿಲ್ ಕಡೆ ಕೆಲವು ಮನೆಗಳೂ, ಬೇಲಿಯ ಆಚೆಗೆ ಉಳಿದವು. ತಮ್ಮದೇ ಹೊಲಕ್ಕೆ ಹೋಗಲು ಅವರು ಗೇಟಿನ ಬಳಿ ಸಂಕೇತಸಂಖ್ಯೆ ಒತ್ತಬೇಕು. 2005ರ ಕಾಯ್ದೆಯೊಂದು ಈ ಕಾಮಗಾರಿಗೆ ಅಡ್ಡಿಯಾಗುವ ಯಾವ ಕಾನೂನನ್ನಾದರೂ ಬದಿಗಿಡುವ ಅಧಿಕಾರವನ್ನು ಒಬ್ಬ ಇಲಾಖಾ ಕಾರ್ಯದರ್ಶಿಗೆ ಕೊಟ್ಟಿದೆ. ಆಸ್ತಿಯ ಹಕ್ಕಿನ ಹೆಸರಿನಲ್ಲಿ ಗಡಿ ಬೇಕೆನ್ನುವ ಹೋಪೆಯವರ ಅನುಯಾಯಿಗಳು ಒಮ್ಮೆ ಈ ಗೇಟುಗಳ ಮುಂದೆ ನಿಂತು ಮಾತಾಡಬೇಕು.

ಇನ್ನು ಒಳನಾಡು. ದಕ್ಷಿಣ ಟೆಕ್ಸಸ್‌ನಿಂದ ಉತ್ತರಕ್ಕೆ ಬರುವ ಹೆದ್ದಾರಿಗಳಲ್ಲಿ, ಫಾಲ್‌ಫ್ಯೂರಿಯಸ್ ಮತ್ತು ಸರೀಟಾಗಳಂಥ ಕಡೆ, ಗಡಿಯಿಂದ ಬಹುದೂರದಲ್ಲೂ ತಪಾಸಣಾ ಠಾಣೆಗಳಿವೆ. ಮೆಕ್ಸಿಕೋಗೆ ಹೋಗಿಯೇ ಇರದವರನ್ನೂ ನಿಲ್ಲಿಸಿ ಪೌರತ್ವ ಕೇಳಬಹುದು. ಯಾವ ಅನುಮಾನವೂ ಬೇಕಿಲ್ಲ ಎಂದು 1976ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. ಗಡಿಯಿಂದ 100 ಮೈಲಿಯವರೆಗಿನ ಪ್ರದೇಶದಲ್ಲಿ ವಾಹನ ತಪಾಸಣೆಗೆ ವಿಶೇಷ ಅಧಿಕಾರ, 25 ಮೈಲಿಯೊಳಗೆ ವಾರಂಟ್ ಇಲ್ಲದೆ ಖಾಸಗಿ ಜಮೀನಿಗೆ (ಮನೆಗಲ್ಲ) ಕಾಲಿಡುವ ಅಧಿಕಾರ ಗಡಿ ಪಡೆಗಿದೆ. ಇದರ ಮೊನೆ ಇರುವುದು ವಲಸಿಗನ ಕಡೆಗೆ ಮಾತ್ರವಲ್ಲ, ಪ್ರಜೆಯ ಕಡೆಗೂ.

ಕೊನೆಯದು ನನ್ನ ಮೇಜಿನ ಮೇಲಿನದು. 1986ರ ಕಾಯ್ದೆಯ ಮೊದಲು, ದಾಖಲೆಯಿಲ್ಲದವರಿಗೆ ಕೆಲಸ ಕೊಟ್ಟರೆ ಉದ್ಯೋಗದಾತನಿಗೆ ಕೇಂದ್ರ ಕಾನೂನಿನ ಶಿಕ್ಷೆಯಿರಲಿಲ್ಲ. ಈಗ ಯಾರನ್ನೇ ಸೇರಿಸಿಕೊಂಡರೂ, ಅವರು ಇಲ್ಲೇ ಹುಟ್ಟಿದವರಾದರೂ, ಕೆಲಸಕ್ಕೆ ಸೇರಿದ 3 ಕೆಲಸದ ದಿನಗಳೊಳಗೆ ಐ-9 ನಮೂನೆ ತುಂಬಿ, ಪಾಸ್‌ಪೋರ್ಟನ್ನೋ ಅಥವಾ ಚಾಲನಾ ಪರವಾನಗಿ ಮತ್ತು ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನೋ ಪರಿಶೀಲಿಸಿ ಸಹಿ ಹಾಕಬೇಕು. ನಾನು ಸರ್ಕಾರದ ಸಂಬಳವಿಲ್ಲದ ವಲಸೆ ಅಧಿಕಾರಿ. ಇ-ವೆರಿಫೈ ಎಂಬ ಗಣಕ ತಪಾಸಣೆಯನ್ನು ಎಲ್ಲರಿಗೂ ಕಡ್ಡಾಯಗೊಳಿಸಬಾರದೆಂದು ಲಿಬರ್ಟೇರಿಯನ್ ಚಿಂತನಾ ಕೇಂದ್ರವಾದ ಕೇಟೋ ಸಂಸ್ಥೆಯವರು ವಿರೋಧಿಸುತ್ತ ಬಂದಿರುವುದು ಇದೇ ಕಾರಣಕ್ಕೆ: ದುಡಿಯಲು ಸರ್ಕಾರದ ಅಪ್ಪಣೆ ಬೇಕೆಂಬ ಸ್ಥಿತಿ ವಲಸಿಗರಿಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ.

ಉತ್ತರ — ಕರಾವಳಿಗ

ಎಲ್ಲರೂ ಒಂದೇ ಕಡೆಗೆ ವಾಲುತ್ತಿರುವುದರಿಂದ ಎದುರುವಾದವೊಂದನ್ನು ಇಡುತ್ತೇನೆ.

ಅಧಿಕಾರ ದುರುಪಯೋಗವಾಗುತ್ತದೆ ಎಂಬುದು ಅಧಿಕಾರವೇ ಇರಬಾರದೆಂಬುದಕ್ಕೆ ಸಾಕ್ಷಿಯಲ್ಲ. ಪೊಲೀಸರು ಅತಿರೇಕ ಮಾಡುತ್ತಾರೆಂದು ಕಳ್ಳತನದ ಕಾನೂನನ್ನು ಯಾವ ಲಿಬರ್ಟೇರಿಯನ್ನೂ ರದ್ದು ಮಾಡೆನ್ನುವುದಿಲ್ಲ. ಬರುವವನು ಕೆಲಸಗಾರ ಮಾತ್ರವಲ್ಲ, ನಾಳಿನ ಮತದಾರ. ಸರ್ಕಾರದ ಗಾತ್ರವನ್ನು ನಿರ್ಧರಿಸುವುದು ಮತವೇ ಆಗಿರುವಾಗ ಮತ ಯಾರ ಕೈಗೆ ಹೋಗುತ್ತದೆಂದು ಕೇಳುವುದು ತಪ್ಪಲ್ಲ. ಅರ್ಥಶಾಸ್ತ್ರಜ್ಞ ಹಯೆಕ್ 1978ರಲ್ಲಿ ಲಂಡನ್ನಿನ ಪತ್ರಿಕೆಗೆ ಬರೆದ ಪತ್ರದಲ್ಲಿ, ವಲಸೆ ಬಿಗಿಗೊಳಿಸಬೇಕೆಂಬ ಮಾರ್ಗರೆಟ್ ಥ್ಯಾಚರ್ ನಿಲುವನ್ನು ಸಮರ್ಥಿಸಿದ್ದು ಸುಮ್ಮನೆ ಅಲ್ಲ; ಬಂದವರ ಸಂಖ್ಯೆ ಸಮಾಜ ಅರಗಿಸಿಕೊಳ್ಳುವ ವೇಗವನ್ನು ಮೀರಿದರೆ ಹುಟ್ಟುವ ದ್ವೇಷವನ್ನು ಅವರು ತಮ್ಮ ಎಳೆಯ ದಿನಗಳ ವಿಯೆನ್ನಾದಲ್ಲಿ ಕಂಡಿದ್ದರು. ಮುಕ್ತ ಗಡಿಯ ವಕೀಲರು ಇದಕ್ಕೆ, ಬರಲಿ ಆದರೆ ಮತ ಬೇಡ, ಅಥವಾ ತಡವಾಗಿ ಸಿಗಲಿ ಎಂದು ಪರಿಹಾರ ಹೇಳುತ್ತಾರೆ. ತಲೆಮಾರುಗಟ್ಟಲೆ ಮತವಿಲ್ಲದ ದುಡಿಯುವ ವರ್ಗವೊಂದನ್ನು ಸಾಕಿಕೊಂಡ ದೇಶವನ್ನು ಸ್ವಾತಂತ್ರ್ಯದ ದೇಶವೆನ್ನಲು ನನಗೆ ಮನಸ್ಸು ಬರುವುದಿಲ್ಲ.

1914ರ ಮೊದಲು ಅಮೆರಿಕದ ಬಾಗಿಲು ತೆರೆದಿತ್ತು ಎನ್ನುವವರಿಗೂ ಒಂದು ಮಾತು. ತೆರೆದಿದ್ದದ್ದು ಯೂರೋಪಿನವರಿಗೆ. ಚೀನೀ ಕಾರ್ಮಿಕರಿಗೆ ಅದು 1882ರಲ್ಲೇ ಮುಚ್ಚಿತ್ತು, ನಮಗೆ 1917ರಲ್ಲಿ ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೇ ಅನರ್ಹರೆಂದಾಯಿತು. 1946ರಲ್ಲಿ ಪೌರತ್ವದ ದಾರಿ ಮತ್ತೆ ತೆರೆದಾಗ ಭಾರತಕ್ಕೆ ಸಿಕ್ಕ ಪಾಲು ವರ್ಷಕ್ಕೆ ಸುಮಾರು 100 ಜನ.

ಲಿಬರ್ಟೇರಿಯನ್ ಪಕ್ಷದ ವಿಷಯ ಬಿಡಿ. ಅದರ ಅಧ್ಯಕ್ಷೀಯ ಅಭ್ಯರ್ಥಿ ಗ್ಯಾರಿ ಜಾನ್ಸನ್ 2016ರಲ್ಲಿ ಪಡೆದ ಶೇ. 3.3ರಷ್ಟು ಮತವೇ ಅದರ ಈವರೆಗಿನ ಶಿಖರ. 2022ರ ರೀನೊ ಅಧಿವೇಶನದಲ್ಲಿ ರಾತ್‌ಬಾರ್ಡ್ ಪರಂಪರೆಯ ಬಣ ಪಕ್ಷವನ್ನು ಕೈವಶ ಮಾಡಿಕೊಂಡಿತು. 2024ರಲ್ಲಿ ಅದೇ ಪಕ್ಷ ವಲಸೆಯನ್ನು ಸರಾಗಗೊಳಿಸಬೇಕೆನ್ನುವ ಚೇಸ್ ಆಲಿವರ್ ಅವರನ್ನು ಅಭ್ಯರ್ಥಿಯಾಗಿ ಆರಿಸಿತು. ಬಿರುಕು ಎಷ್ಟು ಆಳವೆಂದು ಇದರಿಂದಲೇ ತಿಳಿಯುತ್ತದೆ.

ಮರುಪ್ರಶ್ನೆ — ಕಾವೇರಿಸೀಮೆ

ಎಲ್ಲರಿಗೂ ಧನ್ಯವಾದಗಳು. ಒಂದು ಕೊಂಡಿ ಮಾತ್ರ ಬಾಕಿ ಉಳಿದಿದೆ. ಯುದ್ಧಗ್ರಸ್ತ ದೇಶಕ್ಕೆ ಶಸ್ತ್ರಾಸ್ತ್ರ ಕಳುಹಿಸುವುದಿಲ್ಲ, ಅಲ್ಲಿಂದ ಓಡಿಬಂದವರನ್ನೂ ಒಳಗೆ ಬಿಡುವುದಿಲ್ಲ ಎಂದರೆ ಅದು ಹಸ್ತಕ್ಷೇಪ ಮಾಡದ ನೀತಿಯೋ, ಕದ ಹಾಕಿಕೊಳ್ಳುವ ನೀತಿಯೋ? ಮತ್ತು ತುಂಗಭದ್ರೆಯವರೇ, ಕಾಂಗ್ರೆಸ್ಸಿನೊಳಗಿರುವ ಲಿಬರ್ಟೇರಿಯನ್ ಒಲವಿನವರು ಯುದ್ಧಾಧಿಕಾರವನ್ನು ಕತ್ತರಿಸುವುದರಲ್ಲಿ ಏನನ್ನಾದರೂ ಸಾಧಿಸಿದ್ದಾರೆಯೇ?

ಉತ್ತರ — ತುಂಗಭದ್ರೆ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಬಹಳ ಕಡಿಮೆ. ಅನುಮತಿಯಿಲ್ಲದ ಸೇನಾ ಕಾರ್ಯಾಚರಣೆಯನ್ನು 60 ದಿನಗಳಲ್ಲಿ ನಿಲ್ಲಿಸಬೇಕೆಂದು 1973ರ ಯುದ್ಧಾಧಿಕಾರ ನಿರ್ಣಯ ಹೇಳುತ್ತದೆ. 2011ರಲ್ಲಿ ಲಿಬಿಯಾದ ಮೇಲೆ ಬಾಂಬು ಹಾಕುತ್ತಿರುವಾಗ ಆ ಗಡುವು ದಾಟಿತು, ನಡೆಯುತ್ತಿರುವುದು ಆ ನಿರ್ಣಯ ಹೇಳುವ ಬಗೆಯ ಕದನವೇ ಅಲ್ಲ ಎಂದು ಒಬಾಮ ಸರ್ಕಾರ ವಾದಿಸಿ ಮುಂದುವರಿಯಿತು. 2001ರ ಸೆಪ್ಟೆಂಬರಿನಲ್ಲಿ ಜನಪ್ರತಿನಿಧಿ ಸಭೆ 420–1ರಿಂದ ಒಪ್ಪಿದ ಬಲಪ್ರಯೋಗದ ಅನುಮತಿಗೆ ರಾನ್ ಪಾಲ್ ಕೂಡ ಹೌದೆಂದಿದ್ದರು. ಬೇಡವೆಂದ ಒಬ್ಬರೇ ಸದಸ್ಯೆ ಬಾರ್ಬರಾ ಲೀ, ಲಿಬರ್ಟೇರಿಯನ್ ಅಲ್ಲ, ಕ್ಯಾಲಿಫೋರ್ನಿಯಾದ ಡೆಮಾಕ್ರಾಟ್. ಸರ್ಕಾರದ ಗುಪ್ತ ಕಣ್ಗಾವಲನ್ನು ಎಡ್ವರ್ಡ್ ಸ್ನೋಡನ್ ಬಯಲಿಗೆಳೆದ ನಂತರ, 2013ರ ಜುಲೈನಲ್ಲಿ, ಜನರ ದೂರವಾಣಿ ದಾಖಲೆಗಳ ಸಾರಾಸಗಟು ಸಂಗ್ರಹವನ್ನು ತಡೆಯಲು ಲಿಬರ್ಟೇರಿಯನ್ ಒಲವಿನ ಸದಸ್ಯ ಜಸ್ಟಿನ್ ಅಮಾಶ್ ತಂದ ತಿದ್ದುಪಡಿ 205–217ರಿಂದ ಬಿದ್ದುಹೋಯಿತು. ಅಲ್ಲಿ ಅವರು ಗೆಲುವಿಗೆ ಬಹಳ ಸಮೀಪ ಬಂದಿದ್ದರು.

ನಿಮ್ಮ ಮೊದಲ ಪ್ರಶ್ನೆಗೆ ಉಕ್ರೇನ್ ಒಳ್ಳೆಯ ಪರೀಕ್ಷೆ. 2022ರ ಮೇ ತಿಂಗಳಲ್ಲಿ ಸುಮಾರು 4,000 ಕೋಟಿ ಡಾಲರ್ ನೆರವಿನ ಮಸೂದೆಯನ್ನು ಸೆನೆಟ್‌ನಲ್ಲಿ ರ‍್ಯಾಂಡ್ ಪಾಲ್ (ರಾನ್ ಪಾಲ್ ಅವರ ಮಗ) ಕೆಲವು ದಿನ ತಡೆಹಿಡಿದರು. ಅದಕ್ಕೂ ಮುಂಚೆ, ಏಪ್ರಿಲಿನಲ್ಲಿ, ಅಮೆರಿಕದ ನಿವಾಸಿಯೊಬ್ಬರು ಖರ್ಚಿನ ಹೊಣೆ ಹೊತ್ತರೆ ಉಕ್ರೇನಿನವರನ್ನು ತಾತ್ಕಾಲಿಕವಾಗಿ ಒಳಗೆ ಬಿಡುವ ಯೋಜನೆ ಆರಂಭವಾಗಿತ್ತು. ಕರೆಯುವ ನಿವಾಸಿಯ ಹೊಣೆಯ ಮೇಲೆ ಆಶ್ರಯ ಕೊಡುವ ಕ್ರಮ ಅದು; ಹ್ಯೂಮರ್ ಅವರೂ ಹೋಪೆಯವರೂ ಒಂದೇ ಪುಟದಲ್ಲಿ ಒಪ್ಪಬಹುದಾದ ಕ್ರಮ ಎಂದರೂ ಸಲ್ಲುತ್ತದೆ. ಶಸ್ತ್ರ ಬೇಡವೆಂದವರು ಇದನ್ನು ಗಟ್ಟಿಯಾಗಿ ಬೆಂಬಲಿಸಿದ್ದರೆ ಅವರನ್ನು ಹಸ್ತಕ್ಷೇಪ-ವಿರೋಧಿಗಳೆನ್ನಬಹುದು. ಬಾಯಿ ಮುಚ್ಚಿಕೊಂಡಿದ್ದರೆ ಕದ ಹಾಕಿಕೊಂಡವರೆನ್ನಬೇಕು. ಆದರೆ ಆ ಯೋಜನೆ ನಿಂತಿದ್ದದ್ದು ಶಾಸನದ ಮೇಲಲ್ಲ, ಆಡಳಿತದ ವಿವೇಚನೆಯ ಮೇಲೆ. 2025ರ ಜನವರಿಯಲ್ಲಿ ಸರ್ಕಾರ ಬದಲಾದಾಗ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದು ನಿಂತಿತು. ಕೆನಡಾ 1970ರ ದಶಕದಲ್ಲೇ ಖಾಸಗಿ ಪ್ರಾಯೋಜಕತ್ವವನ್ನು ತನ್ನ ವಲಸೆ ಕಾನೂನಿನೊಳಗೆ ತಂದಿತ್ತು, ಅಲ್ಲಿ ಸರ್ಕಾರಗಳು ಹಲವು ಬಾರಿ ಬದಲಾದರೂ ಆ ವ್ಯವಸ್ಥೆ ಉಳಿದಿದೆ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಲಿಬರ್ಟೇರಿಯನ್ನರು ಮಂಡಿಸಬೇಕಾದ ಮಸೂದೆ ಅಂಥದ್ದು.